ಅರ್ಧ ರಿಪೋರ್ಟು

ನಂಗೆ ಕೋಪ ಬಂದ್ರೆ ಕೈ ನಡುಗಲ್ಲ. ರಕ್ತ ತೆಗೆಯೋ ಕೆಲಸದಲ್ಲಿ ಅದೊಂದು ಅನುಕೂಲ. ಈ ಕೆಲಸಕ್ಕೆ ಬಂದು ಹದಿನಾಲ್ಕು ವರ್ಷ ಆಯ್ತು, ಅದರಲ್ಲಿ ಒಂಬತ್ತು ವರ್ಷ ಪೀಣ್ಯ ಎರಡನೇ ಹಂತದ ಈ ಲ್ಯಾಬಲ್ಲೇ ಕಳ್ದಿದ್ದೀನಿ. ಕೆಳಗಡೆ ಲೇತ್ ಅಂಗಡಿ, ಮೇಲೆ ನಾವು. ಅವರು ದಪ್ಪ ಕಬ್ಬಿಣ ಕೊರೆಯೋಕೆ ಹಿಡಿದ್ರೆ ನಮ್ಮ ಮೇಜಿನ ಮೇಲಿರೋ ಟ್ಯೂಬೆಲ್ಲ ಕಿಣಿಕಿಣಿ ಅನ್ನುತ್ವೆ. ಓನರ್ ರಾಜೇಂದ್ರ ಸಾರ್ ದಿನಕ್ಕೊಂದು ಗಂಟೆ ಬಂದು ಎಸಿ ರೂಮಲ್ಲಿ ಕೂತು ಹೋಗ್ತಾರೆ. ಮಿಕ್ಕಿದ್ದೆಲ್ಲ ನಾನೇ, ಮಾಲಾ. ರಕ್ತ ತೆಗೆಯೋದು ನಾನು, ಪರೀಕ್ಷೆ ಮಾಡೋದು ನಾನು, ರಿಪೋರ್ಟ್ ಟೈಪ್ ಮಾಡಿ ಕೆಳಗಡೆ ಸಹಿ ಗೀಚೋದೂ ನಾನೇ.

ಆ ವಾರ ನಂಗೆ ಯಾರ್ಯಾರ ಮೇಲೆ ಕೋಪ ಬಂತು ಅಂತ ಹೇಳ್ತಾ ಹೋದ್ರೆ ಪಟ್ಟಿ ಉದ್ದ ಆಗುತ್ತೆ. ಮೊದಲನೆಯೋನು ಮಲಕಪ್ಪ ಮೇಸ್ತ್ರಿ. ಕುಷ್ಟಗಿ ಕಡೆಯೋನು. ಊರಿಂದ ಜನ ಕರ್ಕೊಂಡ್ಬಂದು ಇಲ್ಲಿನ ಫ್ಯಾಕ್ಟರಿಗಳಿಗೆ ಹಚ್ತಾನೆ, ಹೆಗ್ಗನಹಳ್ಳಿ ವಠಾರಗಳಲ್ಲಿ ಅವರಿಗೆ ರೂಮು ಕೊಡಿಸ್ತಾನೆ. ಅವರಿಗೆ ಜ್ವರ ಬಂದ್ರೂ ಬಸಿರಾದ್ರೂ ನಮ್ಮ ಲ್ಯಾಬಿಗೆ ಅವನೇ ಕರ್ಕೊಂಡ್ಬರೋದು. ಫಾರಂ ತುಂಬೋನೂ ಅವನೇ. ಫೋನ್ ನಂಬರ್ ಅನ್ನೋ ಜಾಗದಲ್ಲಿ ಎಲ್ಲರಿಗೂ ತನ್ನ ನಂಬರೇ ಬರೀತಾನೆ. ಅವನ ಜನ ಆರು ತಿಂಗಳಿಗೊಂದು ಸಿಮ್ ಬದಲಾಯಿಸ್ತಾರೆ, ಇಂಗ್ಲಿಷ್ ರಿಪೋರ್ಟು ಅವರಿಗೆ ಓದೋಕೆ ಬರಲ್ಲ, ಹಾಗಾಗಿ ಮೇಸ್ತ್ರಿ ನಂಬರಿಗೆ ಬಂದ್ರೆ ಮೇಸ್ತ್ರಿ ಓದಿ ಹೇಳ್ತಾನೆ. ಅವನ ಇಂಗ್ಲಿಷು ಏನು ದೊಡ್ಡದಲ್ಲ, ಆದ್ರೆ ಗೂಗಲ್ ಇದೆಯಲ್ಲ. ಪೀಣ್ಯದಲ್ಲಿ ವರ್ಷಾನುಗಟ್ಟಲೆಯಿಂದ ಇದು ಹೀಗೇ ನಡೀತಿದೆ. ಯಾರೂ ಏನೂ ಅಂದಿರಲಿಲ್ಲ. ನಾನೂ ಅಂದಿರಲಿಲ್ಲ.

ಆ ಸೋಮವಾರ ಮೂವರು ಹೆಂಗಸರನ್ನ ಕರ್ಕೊಂಡ್ಬಂದಿದ್ದ. ಅದರಲ್ಲಿ ಒಬ್ಬಳು ಶಿವಗಂಗಾ. ಇಪ್ಪತ್ತಾರು ವರ್ಷ, ಸಣಕಲು ಮೈ, ಒಂಬತ್ತು ವಾರದ ಬಸುರಿ. ಗಂಡ ಬಸಲಿಂಗ ಪೌಡರ್ ಕೋಟಿಂಗ್ ಶೆಡ್ಡಲ್ಲಿ ಕೆಲಸ, ಇವಳು ಪಕ್ಕದ ಶೆಡ್ಡಲ್ಲಿ ಪ್ಯಾಕಿಂಗು. ಬಸುರಿಯರಿಗೆ ಮಾಡೋ ಮಾಮೂಲಿ ಪರೀಕ್ಷೆಗಳು ಅಂತ ಬರೆದಿತ್ತು: ಹಿಮೋಗ್ಲೋಬಿನ್ನು, ಶುಗರ್ರು, ಬ್ಲಡ್ ಗ್ರೂಪು, ವಿಡಿಆರ್‌ಎಲ್ಲು. ಕೊನೇದು ಸಿಫಿಲಿಸ್‌ಗೆ ಮಾಡೋದು, ಗಂಡು ಹೆಣ್ಣಿನ ಸಂಪರ್ಕದಿಂದ ಬರೋ ರೋಗ. ಬಸುರಲ್ಲಿ ಅದಿದ್ರೆ ಮಗುಗೆ ಅಪಾಯ ಅಂತ ಎಲ್ಲರಿಗೂ ಮಾಡ್ತಾರೆ. ನೂರಕ್ಕೆ ತೊಂಬತ್ತೊಂಬತ್ತು ಜನಕ್ಕೆ ಏನೂ ಬರಲ್ಲ. ಶಿವಗಂಗಾಗೆ ರಿಯಾಕ್ಟಿವ್ ಬಂತು. ಅದೂ ತೀರಾ ಸಣ್ಣದಾಗಿ.

ಇಲ್ಲಿ ಸ್ವಲ್ಪ ನನ್ನ ಕಸುಬಿನ ವಿಷಯ ಹೇಳ್ಬೇಕು, ಇಲ್ದಿದ್ರೆ ನನ್ನ ಕೋಪ ನಿಮಗೆ ಅರ್ಥ ಆಗಲ್ಲ. ವಿಡಿಆರ್‌ಎಲ್ ಪರೀಕ್ಷೆ ಆ ರೋಗದ ಕ್ರಿಮಿನ ನೇರವಾಗಿ ಹುಡುಕೋದೇ ಇಲ್ಲ. ಅದರ ಸೀಸೆಯಲ್ಲಿ ಒಂಥರಾ ಕೊಬ್ಬಿರುತ್ತೆ. ರೋಗಿಯ ರಕ್ತದಲ್ಲಿರೋ ಆಂಟಿಬಾಡಿ ಆ ಕೊಬ್ಬನ್ನ ಹಿಡ್ಕೊಂಡ್ರೆ ರಿಯಾಕ್ಟಿವ್ ಅಂತೀವಿ. ಆದ್ರೆ ಬೇರೆ ಕಾರಣಕ್ಕೂ ಆ ಕೊಬ್ಬನ್ನ ಹಿಡಿಯೋ ಆಂಟಿಬಾಡಿಗಳು ಇರ್ತಾವೆ. ಅದಕ್ಕೇ ರಿಯಾಕ್ಟಿವ್ ಬಂದ ತಕ್ಷಣ ಇನ್ನೊಂದು ಪರೀಕ್ಷೆ ಮಾಡ್ಬೇಕು, ಅದು ಕ್ರಿಮಿಗೇ ಅಂತ ಇರೋ ಪರೀಕ್ಷೆ. ಎರಡೂ ಸೇರಿದ್ರೆ ಪೂರ್ತಿ ರಿಪೋರ್ಟು. ಒಂದೇ ಇದ್ರೆ ಅರ್ಧ. ಅರ್ಧ ರಿಪೋರ್ಟು ಸುಳ್ಳಿಗಿಂತ ಕೆಟ್ಟದು ಅಂತ ಕಾಲೇಜಲ್ಲಿ ನಮ್ಮ ಮೇಷ್ಟ್ರು ಬಡ್ಕೋತಿದ್ರು.

ನಮ್ಮ ಲ್ಯಾಬಲ್ಲಿ ರಾಜೇಂದ್ರ ಸಾರ್ ಹಾಕಿರೋ ರೂಲು ಬೇರೆ. ಡಾಕ್ಟರ್ ಚೀಟಿಲಿ ಬರ್ದಿದ್ರೆ ಮಾತ್ರ ಎರಡನೇ ಪರೀಕ್ಷೆ, ಬರ್ದಿಲ್ಲ ಅಂದ್ರೆ ಬಂದಿದ್ದನ್ನ ಬಂದಂಗೆ ಕಳ್ಸು. ನಾನು ಟೈಪ್ ಮಾಡ್ದೆ, ಸಹಿ ಹಾಕ್ದೆ, ಫಾರಂ ಮೇಲಿದ್ದ ನಂಬರಿಗೆ ಕಳ್ಸ್ದೆ. ಊಟದ ಹೊತ್ತಾಗಿತ್ತು. ಡಬ್ಬಿ ತೆಗ್ದು ಚಿತ್ರಾನ್ನ ತಿಂದೆ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಂಗೆ ಅವತ್ತು ಏನೂ ಅನ್ನಿಸಲೇ ಇಲ್ಲ.

ಗುರುವಾರ ಹತ್ತು ಗಂಟೆಗೆ ಅವಳು ಒಬ್ಬಳೇ ಬಂದ್ಳು. ಬಾಗಿಲಲ್ಲೇ ನಿಂತ್ಕೊಂಡ್ಳು, ಒಳಗೆ ಬಾ ಅಂದ್ರೂ ಬರಲಿಲ್ಲ. ಕುರ್ಚಿ ತೋರ್ಸಿದ್ರೆ ಬ್ಯಾಡ ಅಂದ್ಳು. ಯಾಕಮ್ಮಾ ಅಂದ್ರೆ, ನಾ ಕುಂತ ಕುರ್ಚಿ ಮ್ಯಾಲೆ ಮತ್ತೊಬ್ರು ಕುಂದ್ರಾಂಗಿಲ್ಲಂತ್ರಿ ಅಂದ್ಳು. ಆಮೇಲೆ ಸೆರಗಿಂದ ಒಂದು ಕಾಗದ ತೆಗೆದ್ಳು. ಮೇಸ್ತ್ರಿ ಜೆರಾಕ್ಸ್ ಅಂಗಡಿಲಿ ಪ್ರಿಂಟ್ ತೆಗೆಸಿ ಅವಳ ಅತ್ತೆ ಕೈಗೆ ಕೊಟ್ಟಿದ್ದ ನಮ್ಮ ರಿಪೋರ್ಟು ಅದು.

“ಅಕ್ಕಾರ, ಇದರಾಗ ನಾನು ಕೆಟ್ಟಾಕಿ ಅಂತ ಬರದೈತೇನ್ರಿ?” ಅಂತ ಕೇಳಿದ್ಳು.

ಅವಳು ಹೇಳಿದ್ದನ್ನ ಅವಳಷ್ಟು ಸಮಾಧಾನವಾಗಿ ನಂಗೆ ಹೇಳೋಕಾಗಲ್ಲ. ಮಂಗಳವಾರ ಸಾಯಂಕಾಲ ಮಲಕಪ್ಪ ವಠಾರದಲ್ಲಿ ನಲ್ಲಿ ಹತ್ರ ನಿಂತ್ಕೊಂಡು, ಫೋನ್ ನೋಡ್ಕೊಂಡು, ನಿನ್ನ ಸೊಸೆಗೆ ಕೆಟ್ಟ ರೋಗ ಐತಿ ಅಂತ ಅವಳ ಅತ್ತೆ ಹನುಮವ್ವಂಗೆ ಹೇಳಿದ್ದಾನೆ. ಎಂಟು ರೂಮಿನ ವಠಾರ, ಎಂಟೂ ರೂಮಿನೋರು ಕೇಳಿಸ್ಕೊಂಡಿದ್ದಾರೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ. ಬುಧವಾರ ಬಸಲಿಂಗ ಬೇರೆ ಲ್ಯಾಬಿಗೆ ಹೋಗಿ ತಾನೂ ಪರೀಕ್ಷೆ ಮಾಡಿಸ್ಕೊಂಡು ಬಂದ. ಅವನಿಗೆ ಏನೂ ಇಲ್ಲ. ಅಲ್ಲಿಗೆ ತೀರ್ಮಾನ ಆಗೋಯ್ತು: ರೋಗ ಅವನದಲ್ಲ ಅಂದ್ಮೇಲೆ ಅವಳು ಬೇರೆ ಕಡೆಯಿಂದ ತಂದಿದ್ದು. ಹನುಮವ್ವ ಸೊಸೆಗೆ ಬೇರೆ ತಾಟು, ಬೇರೆ ಲೋಟ ಇಟ್ಟಿದ್ದಾಳೆ. ನಲ್ಲಿ ಹತ್ರ ಇವಳು ಕೊಡ ಇಟ್ರೆ ಪಕ್ಕದವರು ತಮ್ಮ ಕೊಡ ಸರಿಸ್ಕೋತಾರೆ. ಊರಲ್ಲಿರೋ ಇವಳ ತಾಯಿಗೆ ಬಸಲಿಂಗನೇ ಫೋನ್ ಮಾಡಿ, ನಿಮ್ಮ ಮಗಳು ಇಂಥಾಕಿ, ಬಂದು ಬಸ್‌ಸ್ಟ್ಯಾಂಡಲ್ಲಿ ಕರ್ಕೊಂಡು ಹೋಗ್ರಿ ಅಂದಿದ್ದಾನೆ. ಶನಿವಾರ ಸಂಜೆ ಬಸ್ಸಿಗೆ ಟಿಕೆಟ್ ಆಗಿದೆ.

“ಹೊಟ್ಟೇಲಿರೋದು?” ಅಂದೆ.

“ಅದೂ ನಂದಲ್ಲ ಅಂತಾನ್ರಿ,” ಅಂದ್ಳು.

ನಂಗೆ ಆಗ ಬಸಲಿಂಗನ ಮುಖಕ್ಕೆ ಉಗೀಬೇಕು ಅನ್ನಿಸ್ತು. ಒಟ್ಟಿಗೆ ದುಡಿದು, ಒಂದೇ ಚಾಪೆ ಮೇಲೆ ಮಲಗೋ ಹೆಂಡತಿಗಿಂತ, ಓದೋಕೆ ಬರದ ಒಂದು ಕಾಗದ ಅವನಿಗೆ ಹೆಚ್ಚಾಯ್ತು. ಆ ಕಾಗದ ಹೋಗಿದ್ದು ನನ್ನ ಕೈಯಿಂದ ಅನ್ನೋದನ್ನ ಮಾತ್ರ ಹೇಳಲಿಲ್ಲ. ಹೊಸ ಟ್ಯೂಬು, ಹೊಸ ಸೂಜಿ ತೆಗೀತಾ ಸುಮ್ನೆ ಮಾತಿಗೆ, ಇದು ಮೊದಲನೇದಾ ಅಂದೆ. ಇಲ್ಲ, ಮೂರನೇದು ಅಂದ್ಳು. ಮೊದಲನೇದು ಊರಲ್ಲಿ, ಐದನೇ ತಿಂಗಳಲ್ಲಿ ಹೋಯ್ತು. ಎರಡನೇದು ಇಲ್ಲಿ. ಬಿಪಿ ಏರಿತ್ತು, ನರ್ಸಿಂಗ್ ಹೋಂನಲ್ಲಿ ಒಂದು ಸಣ್ಣ ಗುಳಿಗೆ ಕೊಡ್ತಿದ್ರು. ಆರನೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡ್ಸಿ, ನಿನ್ನ ರಕ್ತ ತೆಳ್ಳಗಿದೆ, ಹೆಪ್ಪುಗಟ್ಟಲ್ಲ, ಆ ಗುಳಿಗೆ ಬಿಡು ಅಂದ್ರು. ಬಿಟ್ಟ್ಳು. ಏಳನೇ ತಿಂಗಳಲ್ಲಿ ಮಗು ಒದೆಯೋದು ನಿಂತೋಯ್ತು.

ಸೂಜಿ ಕೈಯಲ್ಲೇ ಇತ್ತು. ನಾನು ಹಾಗೇ ನಿಂತೆ. ಮೂರು ವಿಷಯ ನನ್ನ ತಲೆಯಲ್ಲಿ ಒಟ್ಟಿಗೆ ಬಂದು ಕೂತ್ವು. ಮಕ್ಕಳು ಹೊಟ್ಟೆಯಲ್ಲೇ ಹೋಗ್ತಾವೆ. ಟ್ಯೂಬಲ್ಲಿ ರಕ್ತ ಹೆಪ್ಪುಗಟ್ಟೋಕೆ ತಡ ಆಗುತ್ತೆ. ಇಲ್ಲದ ಸಿಫಿಲಿಸ್ ಇದೆ ಅಂತ ವಿಡಿಆರ್‌ಎಲ್ ಹೇಳುತ್ತೆ. ಪರೀಕ್ಷೆಗೆ ಓದುವಾಗ ಈ ಮೂರನ್ನೂ ಒಂದೇ ಸಾಲಲ್ಲಿ ಬಾಯಿಪಾಠ ಮಾಡಿದ್ದೆ. ಮೈ ತನ್ನ ವಿರುದ್ಧ ತಾನೇ ಆಂಟಿಬಾಡಿ ತಯಾರು ಮಾಡ್ಕೊಳ್ಳೋ ಒಂದು ತೊಂದರೆ ಅದು. ನಾನು ನೋಡಿದ್ದು ಪುಸ್ತಕದಲ್ಲೇ ಹೊರತು ಬಾಗಿಲಲ್ಲಿ ನಿಂತಿದ್ದನ್ನ ನೋಡಿರಲಿಲ್ಲ.

ಆ ಹಳೆ ಪರೀಕ್ಷೆ ಎಲ್ಲಿ ಮಾಡ್ಸಿದ್ದು ಅಂತ ಕೇಳ್ದೆ. ಇಲ್ಲೇ ಅಂದ್ಳು.

ಕಂಪ್ಯೂಟರಲ್ಲಿ ಮಲಕಪ್ಪನ ನಂಬರ್ ಹಾಕಿ ಹುಡುಕಿದೆ. ಒಂದೂವರೆ ವರ್ಷ ಹಿಂದಿಂದು ಸಿಕ್ತು. ಹೆಪ್ಪುಗಟ್ಟೋಕೆ ತಗೊಂಡ ಸಮಯ ಅರವತ್ತನಾಲ್ಕು ಸೆಕೆಂಡು. ಮೂವತ್ತರ ಆಸುಪಾಸು ಇರಬೇಕಾದ್ದು. ಕೆಳಗಡೆ ನಾವು ಎಲ್ಲಾ ರಿಪೋರ್ಟಿಗೂ ಹಾಕೋ ಒಂದು ಸಾಲು: ವೈದ್ಯರು ರೋಗಿಯ ಸ್ಥಿತಿಯೊಂದಿಗೆ ತಾಳೆ ನೋಡಿಕೊಳ್ಳುವುದು. ಅದರ ಕೆಳಗೆ ಮಾಲಾ ಅಂತ ನನ್ನ ಸಹಿ.

ನಂಗೆ ಗೊತ್ತಿತ್ತು. ಆಂಟಿಬಾಡಿ ಇದ್ರೂ ಸಮಯ ಹೀಗೆ ಉದ್ದ ಆಗುತ್ತೆ, ಆರೋಗ್ಯವಂತರ ರಕ್ತದ ಜೊತೆ ಕಲಸಿ ಇನ್ನೊಂದು ಸಲ ನೋಡಿದ್ರೆ ತಿಳಿಯುತ್ತೆ ಅಂತ ನಂಗೆ ಅವತ್ತೂ ಗೊತ್ತಿತ್ತು. ಹತ್ತು ನಿಮಿಷದ ಕೆಲಸ. ಚೀಟಿಲಿ ಬರ್ದಿರಲಿಲ್ಲ ಅಂತ ಮಾಡಿರಲಿಲ್ಲ.

ಈಗ ಅವಳನ್ನ ಊರಿಗೆ ಕಳ್ಸಿದ್ರೆ ಈ ಮಗುನೂ ಹೋಗುತ್ತೆ. ಬೈಸ್ಕೊಂಡು, ಮೂಲೆಯಲ್ಲಿ ಕೂತು, ಯಾವ ಔಷಧಿನೂ ಇಲ್ದೆ, ಐದೋ ಏಳೋ ತಿಂಗಳಿಗೆ ಹೋಗುತ್ತೆ. ಹೋದ್ಮೇಲೆ ನೋಡಿ, ರೋಗಕ್ಕೇ ಹೋಯ್ತು ಅಂತಾರೆ. ಶನಿವಾರದ ಬಸ್ಸು ಅವಳು ಹತ್ತಬಾರದು. ನಂಗೆ ಬೇಕಾಗಿದ್ದು ಅದೊಂದೇ.

ಅವಳ ಕೈಯಿಂದ ನೀಲಿ ಮುಚ್ಚಳದ ಟ್ಯೂಬಿಗೆ ರಕ್ತ ತಗೊಂಡೆ. ಶನಿವಾರ ಬೆಳಿಗ್ಗೆ ನಾನೇ ವಠಾರಕ್ಕೆ ಬರ್ತೀನಿ, ಅಲ್ಲಿವರೆಗೂ ಯಾರು ಏನಂದ್ರೂ ಮನೆ ಬಿಟ್ಟು ಕದಲಬೇಡ ಅಂದೆ. ಅವಳು ಹೋದ್ಮೇಲೆ ಎಡಗೈಗೆ ಪಟ್ಟಿ ಬಿಗಿದು ನನ್ನ ರಕ್ತ ನಾನೇ ತೆಗ್ದೆ. ಎರಡನ್ನೂ ಮಿಶಿನ್ನಲ್ಲಿ ಗಿರಗಿರ ತಿರುಗಿಸಿ ಮೇಲೆ ತೇಲಿದ ತಿಳಿ ತಗೊಂಡೆ. ಅವಳದೊಂದೇ ಹಾಕ್ದಾಗ ಅರವತ್ತಾರು ಸೆಕೆಂಡು. ನಂದೊಂದೇ ಮೂವತ್ತೊಂದು. ಆಮೇಲೆ ಅವಳದರ್ಧ ನಂದರ್ಧ ಕಲಸಿದೆ. ಅವಳ ರಕ್ತದಲ್ಲಿ ಏನೋ ಕೊರತೆ ಇದ್ದಿದ್ರೆ ನನ್ನ ರಕ್ತ ಅದನ್ನ ತುಂಬಿಬಿಡಬೇಕು, ಸಮಯ ಮಾಮೂಲಿಗೆ ಇಳೀಬೇಕು. ಇಳೀಲಿಲ್ಲ. ಐವತ್ತೆಂಟು. ಅಂದ್ರೆ ಕೊರತೆ ಅಲ್ಲ, ಅವಳ ರಕ್ತದಲ್ಲಿ ಅಡ್ಡಗಾಲು ಹಾಕೋದು ಒಂದಿದೆ, ಅದು ನನ್ನ ರಕ್ತಕ್ಕೂ ಅಡ್ಡಗಾಲು ಹಾಕ್ತು. ಮೂರು ಸಲ ಮಾಡ್ದೆ, ಮೂರು ಸಲವೂ ಅದೇ. ಕೆಳಗಡೆ ಲೇತ್ ಓಡ್ತಾನೇ ಇತ್ತು. ಸೋಮವಾರದ ಸ್ಯಾಂಪಲ್ ಫ್ರಿಡ್ಜಲ್ಲಿತ್ತು, ಸಿಫಿಲಿಸ್ ಕ್ರಿಮಿಯ ಪರೀಕ್ಷೆನೂ ಮಾಡ್ದೆ. ಏನೂ ಇಲ್ಲ. ಶುದ್ಧ.

ಹನ್ನೆರಡಕ್ಕೆ ಬಂದ ರಾಜೇಂದ್ರ ಸಾರ್ ಮುಂದೆ ಎಲ್ಲಾ ಇಟ್ಟೆ. ಅವರು ಕಾಗದಾನ ಮುಟ್ಟಲೂ ಇಲ್ಲ. ಯಾರು ಬರ್ದಿದ್ದು ಈ ಟೆಸ್ಟು ಅಂದ್ರು. ಯಾರೂ ಇಲ್ಲ, ನಾನೇ ಮಾಡ್ದೆ ಅಂದೆ. ಹಾಗಾದ್ರೆ ರಿಪೋರ್ಟ್ ಕೊಡೋಕಾಗಲ್ಲ, ಡಾಕ್ಟರ್ ಆಗೋಕೆ ಹೋಗ್ಬೇಡ ಅಂದ್ರು. ಆ ಹೆಂಗಸಿನ ಸಂಸಾರ ಹಾಳಾಗ್ತಿದೆ ಸಾರ್ ಅಂದ್ರೆ, ನಾವು ಸುಳ್ಳು ಬರ್ದಿದ್ದೀವಾ, ರಿಯಾಕ್ಟಿವ್ ಬಂತು ರಿಯಾಕ್ಟಿವ್ ಅಂತ ಕೊಟ್ವಿ, ಊರೋರ ಬಾಯಿಗೆ ನಾವು ಹೊಣೆನಾ ಅಂತ ನನ್ನನ್ನೇ ಕೇಳಿದ್ರು. ಅದೇ ಸ್ವಾಮಿ ವಿಷಯ. ಎಲ್ಲರೂ ತಂತಮ್ಮ ಕೆಲಸ ಸರಿಯಾಗೇ ಮಾಡಿರ್ತಾರೆ. ಮೇಸ್ತ್ರಿ ಬಂದಿದ್ದನ್ನ ಓದಿದ, ಡಾಕ್ಟರ್ ಬರ್ದಿದ್ದನ್ನ ನೋಡಿದ್ರು, ಓನರ್ ರೂಲ್ ಪ್ರಕಾರ ನಡ್ಕೊಂಡ್ರು. ಸತ್ತಿದ್ದು ಮಾತ್ರ ಮಗು. ಆಮೇಲೆ ಸಾರ್ ದನಿ ಇಳಿಸಿ, ಆ ಹಳೇ ರಿಪೋರ್ಟ್ ವಿಷಯ ಮಾತ್ರ ಎಲ್ಲೂ ಬಾಯಿ ಬಿಡ್ಬೇಡ ಮಾಲಾ, ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ ಅಂದ್ರು. ನಾನು ಹೊರಗೆ ಬಂದು ಎರಡೂ ಹೊಸ ರಿಪೋರ್ಟ್ ಪ್ರಿಂಟ್ ತೆಗ್ದು ಸಹಿ ಹಾಕ್ದೆ. ಪೆನ್ನಿನ ಒತ್ತಡಕ್ಕೆ ಕಾಗದ ಹರಿಯೋದೊಂದು ಬಾಕಿ.

ಮುಂಚೆ ನಾನು ಕೆಲಸ ಮಾಡ್ತಿದ್ದ ಆಸ್ಪತ್ರೆಯ ಹೆರಿಗೆ ಡಾಕ್ಟರಮ್ಮಂಗೆ ಫೋನ್ ಮಾಡ್ದೆ. ಅವರು ಎಲ್ಲಾ ಕೇಳಿಸ್ಕೊಂಡು ಶನಿವಾರ ಹನ್ನೊಂದರ ಒಳಗೆ ಕರ್ಕೊಂಡು ಬಾ ಅಂದ್ರು. ಆಂಟಿಬಾಡಿ ಪರೀಕ್ಷೆಗೆ ಕಳಿಸ್ತೀನಿ, ಹನ್ನೆರಡು ವಾರ ಬಿಟ್ಟು ಇನ್ನೊಂದು ಸಲ ಮಾಡಿ ಖಚಿತ ಮಾಡ್ಕೋಬೇಕು, ಆದ್ರೆ ಎರಡು ಮಕ್ಕಳು ಹೀಗೆ ಹೋಗಿರೋವಾಗ ಕಾಯೋದು ಬೇಡ, ಅವತ್ತಿಂದಲೇ ಔಷಧಿ ಶುರು ಮಾಡೋಣ ಅಂದ್ರು. ದಿನಾ ಹೊಟ್ಟೆ ಚರ್ಮಕ್ಕೊಂದು ಇಂಜೆಕ್ಷನ್ನು, ಜೊತೆಗೊಂದು ಸಣ್ಣ ಆಸ್ಪಿರಿನ್ ಗುಳಿಗೆ. ಉಳಿಯುತ್ತಾ ಮೇಡಂ ಅಂದೆ. ಇದನ್ನ ತಗೊಂಡ ಬಹಳ ಜನಕ್ಕೆ ಉಳಿಯುತ್ತೆ, ಮಾತು ಕೊಡೋಕಾಗಲ್ಲ ಅಂದ್ರು. ಅವರು ಕೊಡ್ತೀನಿ ಅಂದ ಆ ಸಣ್ಣ ಗುಳಿಗೆನೇ ಹೋದ ಸಲ ಬಿಡಿಸಿದ್ದು. ಫೋನ್ ಇಟ್ಟು ಬಾತ್‌ರೂಮಿಗೆ ಹೋಗಿ ಮುಖ ತೊಳ್ಕೊಂಡೆ.

ಶನಿವಾರ ಬೆಳಿಗ್ಗೆ ಏಳೂವರೆಗೆ ಹೆಗ್ಗನಹಳ್ಳಿ ವಠಾರಕ್ಕೆ ಹೋದೆ. ಅವತ್ತು ನೀರು ಬಿಡೋ ದಿನ. ನಲ್ಲಿ ಮುಂದೆ ಕೊಡಗಳ ಸಾಲು, ಹೆಂಗಸರೆಲ್ಲ ಅಲ್ಲೇ ಇದ್ರು. ಮಲಕಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಟೀ ಕುಡೀತಿದ್ದ. ಕೊನೇ ರೂಮಿನ ಹೊಸಿಲ ಮೇಲೆ ಹನುಮವ್ವ ಕೂತಿದ್ಳು, ಅರವತ್ತರ ಹತ್ರದ ಒಣಗಿದ ಹೆಂಗಸು. ಬಸಲಿಂಗ ಒಂದು ಬ್ಯಾಗಿನ ಜಿಪ್ ಎಳೀತಿದ್ದ. ಅದು ಹೆಂಡತಿ ಬ್ಯಾಗು. ಹೋಗೋದು ಸಂಜೆ, ಇವನಿಗೆ ಬೆಳಿಗ್ಗೆನೇ ಅವಸರ. ಶಿವಗಂಗಾ ಗೋಡೆಗೆ ಒರಗಿ ನಿಂತಿದ್ಳು, ನನ್ನ ನೋಡಿದ್ರೂ ಮುಖದಲ್ಲಿ ಏನೂ ಬದಲಾಗಲಿಲ್ಲ.

ಮಲಕಪ್ಪ ಎದ್ದು ನಿಂತು ಏನ್ ಮೇಡಮ್ಮಾರ ಇಲ್ಲಿಗಂಟ ಅಂತ ಹಲ್ಲು ಬಿಟ್ಟ. ಒಳಗೆ ಹೋಗಿ ಮಾತಾಡೋಣ ಬರ್ರಿ ಅಂದ. ನೀನು ಹೇಳಿದ್ದು ಒಳಗಲ್ಲವಲ್ಲ, ಇಲ್ಲೇ ನಿಂತ್ಕೊಂಡು ಹೇಳಿದ್ದು, ನಾನೂ ಇಲ್ಲೇ ಹೇಳ್ತೀನಿ ಅಂದೆ. ನಲ್ಲಿ ತಿರುಗಿಸಿ ನಿಲ್ಲಿಸ್ದೆ. ಒಂದಿಬ್ಬರು ಗೊಣಗಿದ್ರು. ಎರಡು ನಿಮಿಷ ನೀರು ಹೋದ್ರೆ ಯಾರೂ ಸಾಯಲ್ಲ ಅಂತ ಗದರಿದೆ. ಆಮೇಲೆ ಹೊಸ ರಿಪೋರ್ಟ್ ಎತ್ತಿ ಹಿಡಿದೆ. ಶಿವಗಂಗಾಗೆ ಯಾವ ಕೆಟ್ಟ ರೋಗನೂ ಇಲ್ಲ, ಯಾವತ್ತೂ ಇರಲಿಲ್ಲ, ಸೋಮವಾರ ತೆಗೆದ ಅದೇ ರಕ್ತದಲ್ಲಿ ಪೂರ್ತಿ ಪರೀಕ್ಷೆ ಮಾಡಿ ತಂದಿದ್ದೀನಿ, ಮೊದಲು ಕಳಿಸಿದ್ದು ಅರ್ಧ ರಿಪೋರ್ಟು ಅಂದೆ.

ಮಲಕಪ್ಪ ಕಾಗದ ಇಸ್ಕೊಂಡು ಹಿಂದೆ ಮುಂದೆ ನೋಡಿದ. ಆಯ್ತು ಬಿಡ್ರಿ, ಮಿಶಿನ್ ಅಂದ್ಮ್ಯಾಲೆ ತಪ್ಪು ಆಗ್ತಾವ, ಒಳ್ಳೇದೇ ಆತಲ್ಲ, ಟಿಕೆಟ್ ಕ್ಯಾನ್ಸಲ್ ಮಾಡಿದ್ರಾತು ಅಂದ. ಅಷ್ಟೇ. ಒಂದು ಹೆಂಗಸಿನ ಮಾನ ನಲ್ಲಿ ನೀರಲ್ಲಿ ಹರಿಯೋಕೆ ಬಿಟ್ಟು ನಾಲ್ಕು ದಿನ ಆಗಿದೆ, ಇವನಿಗೆ ಟಿಕೆಟ್ ಕ್ಯಾನ್ಸಲ್ ಆದ್ರೆ ಮುಗೀತು. ನಂಗೆ ನೆತ್ತಿಗೇರಿತು. ಬಾಯಿಗೆ ಬಂದಿದ್ದೆಲ್ಲ ಅಂದೆ. ನಿನ್ನ ಹೆಂಡತಿ ರಿಪೋರ್ಟ್ ಯಾರ ಫೋನಿಗಾದ್ರೂ ಹೋಗಿದ್ರೆ ಏನ್ ಮಾಡ್ತಿದ್ದೆ ಅಂದೆ. ಬಸಲಿಂಗನ ಕಡೆ ತಿರುಗಿ, ನಿನ್ನ ರಕ್ತ ಬೇರೆ ಲ್ಯಾಬಲ್ಲಿ ಕದ್ದು ಪರೀಕ್ಷೆ ಮಾಡಿಸ್ಕೊಂಡ್ಯಲ್ಲ, ಅವಳ ರಕ್ತಾನೂ ಇನ್ನೊಂದು ಸಲ ನೋಡ್ಸೋಣ ಅಂತ ನಿಂಗೆ ಅನ್ನಿಸಲಿಲ್ವಾ, ಗಂಡಸೇ ನೀನು ಅಂದೆ. ಅವನು ಬ್ಯಾಗಿನ ಮೇಲಿಂದ ಕೈ ತೆಗೆದ, ತಲೆ ಮೇಲೆತ್ತಲಿಲ್ಲ.

ಹನುಮವ್ವ ಎದ್ದು ಹತ್ರ ಬಂದ್ಳು. ಅವಳು ಜಗಳಕ್ಕೆ ಬರ್ತಾಳೆ ಅಂದ್ಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

“ರೋಗ ಇಲ್ಲಾಂದ್ರ, ಆ ಎರಡು ಕೂಸು ಯಾಕ ಹೋದ್ವು ಯವ್ವಾ?”

ಅವಳ ಭಾಷೆಯಲ್ಲಿ ಹೇಳೋಕೆ ನೋಡ್ದೆ. ಅಮ್ಮಾ, ನಮ್ಮ ರಕ್ತದಲ್ಲಿ ಮೈ ಕಾಯೋಕೆ ಅಂತ ಆಂಟಿಬಾಡಿಗಳು ಇರ್ತಾವೆ, ಹೊಲಕ್ಕೆ ಬೇಲಿ ಇದ್ದಂಗೆ, ಹೊರಗಿನ ರೋಗ ಒಳಗೆ ಬರದಂಗೆ ತಡೀತಾವೆ. ನಿನ್ನ ಸೊಸೆಗೆ ಬೇಲಿನೇ ಎದ್ದು ಹೊಲ ಮೇಯ್ತಿದೆ. ಅವು ಅವಳ ರಕ್ತದ ಮೇಲೇ ಬೀಳ್ತಾವೆ. ನಮ್ಮ ಟ್ಯೂಬಲ್ಲಿ ನೋಡಿದ್ರೆ ರಕ್ತ ಹೆಪ್ಪುಗಟ್ಟೋಕೆ ತಡ ಆಗುತ್ತೆ, ಮೈಯೊಳಗೆ ಉಲ್ಟಾ, ಬೇಡದ ಕಡೆ ಹೆಪ್ಪುಗಟ್ಟುತ್ತೆ. ಮಗುಗೆ ಅನ್ನ ನೀರು ಹೋಗೋ ಮಾಸಿನಲ್ಲಿ ಸಣ್ಣ ಸಣ್ಣ ಗಂಟಾಗಿ ದಾರಿ ಕಟ್ಟುತ್ತೆ. ಮಗು ಉಪವಾಸ ಬಿದ್ದು ಹೋಗುತ್ತೆ. ಇದು ಅವಳು ಯಾರ ಹತ್ರಾನೂ ಹೋಗಿ ತಂದಿದ್ದಲ್ಲ. ನೆಗಡಿ ಬಂದಂಗೆ ಅಂಟೋದೂ ಅಲ್ಲ. ಆ ಬೇಲಿಯಂಥದ್ದೇ ವಿಡಿಆರ್‌ಎಲ್ ಸೀಸೆಯ ಕೊಬ್ಬನ್ನೂ ಹಿಡ್ಕೊಂಡು ನಮಗೆ ಸುಳ್ಳು ಹೇಳಿಸ್ತು. ಈಗ ಇಂಜೆಕ್ಷನ್ನು ಗುಳಿಗೆ ಶುರು ಮಾಡಿದ್ರೆ ಈ ಮಗು ಉಳಿಯೋ ದಾರಿ ಇದೆ, ಹನ್ನೊಂದರ ಒಳಗೆ ಡಾಕ್ಟರ್ ಹತ್ರ ಇರಬೇಕು ಅಂದೆ.

ಹನುಮವ್ವ ಹೊಲ ಮಾಡಿದ ಹೆಂಗಸು, ಬೇಲಿ ಮಾತು ಅವಳಿಗೆ ಹತ್ತಿತು ಅಂತ ಕಾಣುತ್ತೆ. “ಎರಡನೇದನ್ನ ನಾನ ಮಣ್ಣು ಮಾಡೀನಿ,” ಅಂದ್ಳು. “ಇದು ಮೊದಲ ಗೊತ್ತಾಗಿದ್ರ ಅದು ಉಳೀತಿತ್ತೇನು?”

ಇಲ್ಲಿ ನಾನು ಸುಮ್ಮನಿದ್ರೆ ಆಗ್ತಿತ್ತು. ಗೊತ್ತಿಲ್ಲಮ್ಮ, ದೇವರಿಚ್ಛೆ ಅಂದಿದ್ರೆ ಯಾರೂ ಮುಂದೆ ಕೇಳ್ತಿರಲಿಲ್ಲ. ಶಿವಗಂಗಾ ಆಸ್ಪತ್ರೆಗೆ ಬರ್ತಿದ್ಳು, ನಾನು ಒಳ್ಳೆಯವಳಾಗಿ ಹೋಗ್ತಿದ್ದೆ. ಒಂದು ಕ್ಷಣ ಹಾಗೇ ಮಾಡೋಣ ಅಂತಾನೂ ಬಂತು ಮನಸ್ಸಿಗೆ. ಆದ್ರೆ ಮೂರು ದಿನದಿಂದ ಊರ ಮೇಲೆಲ್ಲ ಕೂಗಾಡ್ತಿದ್ದೀನಿ, ಮೇಸ್ತ್ರಿ ಮೇಲೆ, ಗಂಡನ ಮೇಲೆ, ಓನರ್ ಮೇಲೆ. ಅಷ್ಟು ಕೋಪದಲ್ಲಿ ಒಂದು ಪಾಲು ನಂಗೆ ಸೇರಬೇಕಾದ್ದು, ಅದನ್ನ ಮಾತ್ರ ಯಾರಿಗೂ ತೋರಿಸಿರಲಿಲ್ಲ.

ಹನುಮವ್ವನ ಬಿಟ್ಟು ಶಿವಗಂಗಾ ಮುಖ ನೋಡಿ ಹೇಳ್ದೆ.

“ಆ ಸೋಮವಾರದ ರಿಪೋರ್ಟ್ ಬರ್ದು ಕಳ್ಸಿದ್ದು ನಾನೇ. ಹೋದ ಸಲ ನೀನು ಆರನೇ ತಿಂಗಳಲ್ಲಿದ್ದಾಗ ರಕ್ತ ತೆಳ್ಳಗಿದೆ ಅಂದ್ರಲ್ಲ, ಆ ರಿಪೋರ್ಟೂ ನಂದೇ. ಅವತ್ತೇ ಇನ್ನೊಂದು ಪರೀಕ್ಷೆ ಮಾಡಿದ್ರೆ ಇದು ಗೊತ್ತಾಗ್ತಿತ್ತು. ನಂಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ ಅಂತ ಮಾಡಲಿಲ್ಲ. ಮಾಡಿದ್ರೆ ಆ ಗುಳಿಗೆ ಬಿಡಿಸ್ತಿರಲಿಲ್ಲ. ಮಗು ಉಳೀತಿತ್ತೋ ಏನೋ.”

ಶಿವಗಂಗಾ ಗೋಡೆ ಬಿಟ್ಟು ನಡ್ಕೊಂಡು ಬಂದ್ಳು. ಅವಳು ಅಳ್ತಾಳೆ ಅಂದ್ಕೊಂಡೆ. ನನ್ನ ಎದುರು ನಿಂತು, ನನ್ನ ಕಣ್ಣನ್ನೇ ನೋಡಿ, ಕೆನ್ನೆಗೆ ಬಾರಿಸಿದ್ಳು. ಸಣಕಲು ಕೈ, ಆದ್ರೆ ದಿನಕ್ಕೆ ನೂರಾರು ರಟ್ಟಿನ ಪೆಟ್ಟಿಗೆ ಎತ್ತಿಡೋ ಕೈ. ಕಿವಿ ಗುಂಯ್ ಅಂತು. ಮಲಕಪ್ಪ ಏ ಏ ಅಂತ ಮುಂದೆ ಬಂದ. ನೀನು ಕೂತ್ಕೋ ಅಂದೆ ನಾನು. ಕೂತ.

ಅವಳು ಒಳಗೆ ಹೋಗಿ ಚಪ್ಪಲಿ ಹಾಕ್ಕೊಂಡು ಬಂದ್ಳು. ಬಸಲಿಂಗ ಕಟ್ಟಿಟ್ಟಿದ್ದ ಬ್ಯಾಗು ತೆಗೆದು ಹೆಗಲಿಗೆ ಹಾಕ್ಕೊಂಡ್ಳು. ಅವನು ನಾನೂ ಬರ್ತೀನಿ ಅಂತ ಬ್ಯಾಗಿಗೆ ಕೈ ಹಾಕ್ದ. ಅವಳು ಕೊಡಲಿಲ್ಲ.

“ನೀ ಇಲ್ಲೇ ಇರು. ನಮ್ಮವ್ವಗ ಫೋನ್ ಹಚ್ಚು. ಅವತ್ತು ಹೇಳಿದಂಗ ಇವತ್ತೂ ಎಲ್ಲಾರ ಮುಂದ ನಿಂತು ಹೇಳು, ನನ್ನ ಹೇಂತಿ ಕೆಟ್ಟಾಕಿ ಅಲ್ಲ, ನಾನ ಕೆಟ್ಟಾಂವ ಅಂತ. ಹೇಳಿದ ಮ್ಯಾಲೆ ಬಾ.”

ಬಸಲಿಂಗ ತಾಯಿ ಮುಖ ನೋಡಿದ. ಹನುಮವ್ವ ಅವನ ಕಡೆ ನೋಡಲಿಲ್ಲ. ಹಚ್ಚೋ ಅಂದ್ಳು. ಅವನು ಜೇಬಿಂದ ಫೋನ್ ತೆಗೀತಿದ್ದಾಗ ನಾವು ಗೇಟ್ ದಾಟಿದ್ವಿ. ಹಿಂದೆ ಯಾರೋ ನಲ್ಲಿ ತಿರುಗಿಸಿದ ಸದ್ದಾಯ್ತು.

ಆಟೋದಲ್ಲಿ ಅವಳು ನನ್ನ ಪಕ್ಕ ಕೂತ್ಕೊಂಡ್ಳು, ಮಧ್ಯದಲ್ಲಿ ಬ್ಯಾಗಿಟ್ಕೊಂಡು. ನಾನು ಏನೇನೋ ಹೇಳ್ತಾನೇ ಇದ್ದೆ, ಇಂಜೆಕ್ಷನ್ನು ನೋಯಲ್ಲ, ನರ್ಸ್ ಕಲಿಸ್ಕೊಡ್ತಾರೆ, ನೀನೇ ಚುಚ್ಕೋಬಹುದು, ಬೇಕಾದ್ರೆ ದಿನಾ ನಾನೇ ಬರ್ತೀನಿ ಅಂತ. ಅವಳು ಹೊರಗಡೆ ನೋಡ್ತಿದ್ಳು. ಜಾಲಹಳ್ಳಿ ಕ್ರಾಸ್ ಸಿಗ್ನಲ್ಲಲ್ಲಿ ಆಟೋ ನಿಂತಿತು. ಆಗ ಅವಳು ತಿರುಗಿದ್ಳು.

“ಅದು ಹೆಣ್ಣಿತ್ತು ಅಕ್ಕಾರ,” ಅಂದ್ಳು. “ತಲಿ ತುಂಬ ಕೂದಲಿತ್ತು. ನಿಮಗ ಗೊತ್ತಿತ್ತೇನ್ರಿ?”

ಇಲ್ಲ, ಅದು ನಂಗೆ ಗೊತ್ತಿರಲಿಲ್ಲ ಅಂದೆ.